ಪಿಎಸ್‌ಎ ವರದಿಗೆ ಸಹಿ ಹಾಕುವ ಮುನ್ನ

ಜಿಲ್ಲಾ ಕೇಂದ್ರವೊಂದರ ಪ್ರಯೋಗಾಲಯದಲ್ಲಿ ಜೀವರಸಾಯನ ವಿಭಾಗದ ಹೊಣೆ ನನ್ನದು. ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರಿನ ಸುಳಿವು ಹುಡುಕಲು ರಕ್ತದಲ್ಲಿ ಅಳೆಯುವ ಪ್ರೋಟೀನು ಪಿಎಸ್‌ಎ. ಮೊದಲ ಕೆಲವು ವರ್ಷ ಅದರ ವರದಿಗೂ ಸಕ್ಕರೆ, ಕೊಲೆಸ್ಟರಾಲ್ ವರದಿಗಳಿಗೆ ಹಾಕಿದಂತೆಯೇ ಸಹಿ ಹಾಕುತ್ತಿದ್ದೆ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಒಳಗಿದ್ದರೆ ಸರಿ, ದಾಟಿದರೆ ದಪ್ಪ ಅಕ್ಷರ.

ಆ ಅಭ್ಯಾಸವನ್ನು ಬಿಡಿಸಿದ್ದು ಹಿರಿಯರೊಬ್ಬರ ಅಂಗಿ ಜೇಬು. ಅವರ ಪಿಎಸ್‌ಎ 3.4 ಬಂದಿತ್ತು. ವರದಿ ಓದಲು ಕನ್ನಡಕ ಹುಡುಕುತ್ತಾ ಜೇಬಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲಿಟ್ಟರು: ಬಸ್ ಟಿಕೆಟ್, ಅಡಿಕೆ ಪೊಟ್ಟಣ, ಅರ್ಧ ಖಾಲಿಯಾದ ಫಿನಾಸ್ಟರೈಡ್ ಮಾತ್ರೆಯ ಪಟ್ಟಿ.

"ಯಜಮಾನರೇ, ಇದನ್ನು ಯಾವಾಗಿನಿಂದ ನುಂಗುತ್ತಿದ್ದೀರಿ?"

"ಎರಡು ವರ್ಷವಾಯಿತಮ್ಮಾ. ಮೂತ್ರ ಸಲೀಸಾಗಲಿ ಎಂದು ಕೊಟ್ಟಿದ್ದಾರೆ."

ಆ ಮಾತ್ರೆ ವರ್ಷದೊಳಗೆ ಪಿಎಸ್‌ಎ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅಂದರೆ ಅವರ 3.4ನ್ನು 7ರ ಆಸುಪಾಸು ಎಂದೇ ಓದಬೇಕಿತ್ತು. ವರದಿಯ ಕೆಳಗೆ ಅದನ್ನು ಬರೆದು, ಅವರ ವೈದ್ಯರಿಗೆ ಫೋನ್ ಮಾಡಿದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಪುಣ್ಯಕ್ಕೆ ಅದಿನ್ನೂ ಗ್ರಂಥಿಯೊಳಗೇ ಇತ್ತು.

ಪಿಎಸ್‌ಎ ಒಂದು ಕಿಣ್ವ. ಗಟ್ಟಿಯಾದ ವೀರ್ಯದ ಪ್ರೋಟೀನನ್ನು ಕತ್ತರಿಸಿ ತೆಳುವಾಗಿಸುವುದು ಇದರ ಕಸುಬು. ಪ್ರಾಸ್ಟೇಟ್ ಗ್ರಂಥಿಯ ಒಳರಚನೆ ಕೆಟ್ಟಾಗ ರಕ್ತಕ್ಕೆ ಹೆಚ್ಚು ಸೋರುತ್ತದೆ. ಕೆಡಿಸಿದ್ದು ಕ್ಯಾನ್ಸರೋ, ಸೋಂಕೋ, ಮೂತ್ರಕ್ಕೆ ಹಾಕಿದ ಕೊಳವೆಯೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಅದಕ್ಕೇ 4ರಿಂದ 10ರ ನಡುವೆ ಬಂದಾಗ 'ಫ್ರೀ ಪಿಎಸ್‌ಎ' ನೋಡುತ್ತೇವೆ. ರಕ್ತಕ್ಕೆ ಬಂದ ಪಿಎಸ್‌ಎಯ ಬಹುಪಾಲು ಬೇರೊಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಸ್ವಲ್ಪ ಬಿಡಿಯಾಗಿರುತ್ತದೆ. ಬಿಡಿ ಪಾಲು ಶೇ 25ಕ್ಕಿಂತ ಹೆಚ್ಚಿದ್ದರೆ ಅನುಮಾನ ಕಡಿಮೆ, ಶೇ 10ಕ್ಕಿಂತ ಇಳಿದರೆ ಹೆಚ್ಚು. ಇಲ್ಲಿಯೇ ನಾವು ಎಡವಿದ್ದು. ತಾಲ್ಲೂಕಿನಿಂದ ಬಂದ ಒಂದು ಮಾದರಿಯಲ್ಲಿ ಶೇ 9 ಬಂತು, ಮನೆಯವರೆಲ್ಲ ಕಂಗಾಲಾದರು. ವಿಚಾರಿಸಿದರೆ, ರಕ್ತ ಇಡೀ ರಾತ್ರಿ ಸೀರಮ್ (ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ ದ್ರವ) ಬೇರ್ಪಡಿಸದೆ ಹಾಗೆಯೇ ಉಳಿದಿತ್ತು. ಬಿಡಿ ಪಾಲು ಬೇಗ ನಶಿಸುತ್ತದೆ. ಮತ್ತೆ ರಕ್ತ ತೆಗೆದು, ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನೋಡಿದಾಗ ಶೇ 12. ಆ ಕುಟುಂಬದ ಒಂದು ವಾರದ ನಿದ್ದೆ ಕೆಡಿಸಿದ್ದು ನಮ್ಮ ಉದಾಸೀನ. ಈಗ ಮೂರು ಗಂಟೆಯೊಳಗೆ ಸೀರಮ್ ಬೇರ್ಪಡಿಸದ ಮಾದರಿಯನ್ನು ಈ ಪರೀಕ್ಷೆಗೆ ನಾನು ಒಪ್ಪುವುದೇ ಇಲ್ಲ.

ರಕ್ತ ತೆಗೆಯುವ ಕೋಣೆಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ಉರಿಮೂತ್ರ, ಜ್ವರ ಇತ್ತೇ? ಕೊಳವೆ ಹಾಕಿದ್ದರೇ? ಎರಡು ದಿನದೊಳಗೆ ವೀರ್ಯಸ್ಖಲನ ಆಗಿತ್ತೇ? ಪ್ರಾಸ್ಟೇಟಿಗೆ ಮಾತ್ರೆ ಇದೆಯೇ? ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದಾರೆಯೇ? ಕೆಲವು ಯಂತ್ರಗಳಲ್ಲಿ ಬಯೋಟಿನ್ ಹೆಚ್ಚಾದರೆ ಪಿಎಸ್‌ಎ ಸುಳ್ಳೇ ಕಡಿಮೆ ಕಾಣುತ್ತದೆ. ಮೂರನೆಯ ಪ್ರಶ್ನೆ ಕೇಳಲು ನಮ್ಮ ಹುಡುಗಿಯರಿಗೆ ಸಂಕೋಚ, ಹಾಗಾಗಿ ಅದನ್ನು ನಾನೇ ಕೇಳುತ್ತೇನೆ.

ನಿನ್ನೆ ಒಬ್ಬರು ಉರಿಮೂತ್ರದ ಚಿಕಿತ್ಸೆ ಮುಗಿದು ಹತ್ತು ದಿನವಾಗಿದೆ ಎಂದರು. ರಕ್ತ ತೆಗೆಯಲಿಲ್ಲ. ಅವರ ವೈದ್ಯರಿಗೆ ತಿಳಿಸಿ, ಆರು ವಾರದ ನಂತರದ ದಿನಾಂಕವನ್ನು ಅದೇ ಚೀಟಿಯ ಹಿಂದೆ ಬರೆದು ಕೊಟ್ಟೆ.