ತಾರಸಿಯ ಮೇಲಿನ 12 ಯುನಿಟ್‌ಗಳು: ಯಾವುದನ್ನು ತೆಗೆದೆ, ಯಾವುದನ್ನು ಉಳಿಸಿಕೊಂಡೆ

ನಾನು ನೋಡಿಕೊಳ್ಳುವ ಕಟ್ಟಡದ ತಾರಸಿಯಲ್ಲಿ, ಕೆಳಗಿನ ಅಂಗಡಿಗಳನ್ನು ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ ಇಡುವ 12 ಎಸಿ ಯುನಿಟ್‌ಗಳಿವೆ. ಏಳನೇ ಯುನಿಟ್ ನಿಂತದ್ದು ನಡುಬೇಸಿಗೆಯಲ್ಲಿ, ಅದೂ ಮಟಮಟ ಮಧ್ಯಾಹ್ನ. ಕಂಪ್ರೆಸರ್ ಸುಟ್ಟುಹೋಗಿತ್ತು. ಕೆಳಗಿನ ಅಂಗಡಿಯವರು ಬಾಗಿಲು ತೆರೆದಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದರು. ಕಟ್ಟಡದ ಯಜಮಾನರು ಫೋನ್ ಮಾಡಿ, "ಯಾವುದಾದರೂ ಸರಿ, ಬೇಗ ತರಿಸಿ ಕೂರಿಸಿ" ಎಂದರು. ನಾನೂ ಹಾಗೇ ಮಾಡಿದೆ. ಸ್ಟಾಕ್‌ನಲ್ಲಿ ಇದ್ದದ್ದನ್ನು, ಹಳೆಯದರಷ್ಟೇ ಟನ್ನಿನದನ್ನು ತರಿಸಿದೆ (ಟನ್ ಎಂದರೆ ಇಲ್ಲಿ ತೂಕವಲ್ಲ, ತಣ್ಣಗೆ ಮಾಡುವ ಶಕ್ತಿ). ಕ್ರೇನ್ ಅದನ್ನು ಮೇಲಕ್ಕೆತ್ತಿದ ಮೇಲೆ ಗೊತ್ತಾಯಿತು, ಯುನಿಟ್ ಕೂರುವ ಹಳೆಯ ಚೌಕಟ್ಟಿನ (ಕರ್ಬ್) ಮೇಲೆ ಅದು ಕೂರುವುದೇ ಇಲ್ಲ. ಗಾಳಿ ಹೋಗುವ ಬಾಯಿ ಒಂದು ಕಡೆ, ಡಕ್ಟ್ ಇನ್ನೊಂದು ಕಡೆ. ಅಡಾಪ್ಟರ್ ಮಾಡಿಸಲು ಮತ್ತೆ 10 ದಿನ. ಕ್ರೇನ್ ಬಾಡಿಗೆ ಎರಡು ಸಲ. ಬ್ರೇಕರ್ ಕೂಡ ಬದಲಿಸಬೇಕಾಯಿತು.

ಹದಿನಾರು ವರ್ಷ ಹಳೆಯದಾದ ಆ ಯುನಿಟ್ ಇವತ್ತಲ್ಲ ನಾಳೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಬರೆದಿಟ್ಟಿರಲಿಲ್ಲ. ತಪ್ಪು ನನ್ನದೇ.

ಅದಾದ ಮೇಲೆ ಯಜಮಾನರು ಹೆದರಿದರು. ಮಾರಾಟದವರೊಬ್ಬರನ್ನು ಕರೆಸಿದರು. ಅವರು ಎಲ್ಲ ಯುನಿಟ್‌ಗಳ ನೇಮ್‌ಪ್ಲೇಟ್ ಫೋಟೋ ತೆಗೆದುಕೊಂಡು ಹೋಗಿ, 15 ವರ್ಷ ದಾಟಿದ್ದನ್ನೆಲ್ಲ ಬದಲಿಸಿ ಎಂದು ಪಟ್ಟಿ ಕಳಿಸಿದರು. ಒಂದರ ಮುಚ್ಚಳವನ್ನೂ ತೆರೆದು ನೋಡಿರಲಿಲ್ಲ. ಈ ಥರದ ಯುನಿಟ್‌ಗೆ 15ರಿಂದ 20 ವರ್ಷ ಆಯಸ್ಸು ಎನ್ನುವುದು ಸುಳ್ಳಲ್ಲ. ಆದರೆ ಅದು ಸರಾಸರಿ. ನನ್ನ ತಾರಸಿಯಲ್ಲಿ 18 ವರ್ಷದ್ದು ಗಟ್ಟಿಯಾಗಿತ್ತು, 9 ವರ್ಷದ್ದು ಏದುಸಿರು ಬಿಡುತ್ತಿತ್ತು. "ಕೆಲವು ತಿಂಗಳು ಸಮಯ ಕೊಡಿ ಸರ್, ನಾನೇ ನೋಡಿ ಹೇಳುತ್ತೇನೆ" ಎಂದೆ.

ಒಂದು ನೋಟ್‌ಬುಕ್ ತಗೊಂಡೆ. ಯುನಿಟ್‌ಗೆ ಎರಡು ಪುಟ. ಮೊದಲ ಪುಟದಲ್ಲಿ ಹಿಂದಿನ 5 ವರ್ಷದ ರಿಪೇರಿಗಳು: ಏನು ಹೋಯಿತು, ಯಾವಾಗ, ಎಷ್ಟು ಖರ್ಚಾಯಿತು. ಹಳೆಯ ಬಿಲ್ಲುಗಳನ್ನು ಹುಡುಕಿ ಬರೆಯಲು ಎರಡು ಸಂಜೆ ಹೋಯಿತು. ಬೇಜಾರಿನ ಕೆಲಸ, ಆದರೆ ಆ ಪುಟ ಹೇಳಿದ್ದನ್ನು ಬೇರೆ ಯಾವ ಮೀಟರ್ ಕೂಡ ಹೇಳಲಿಲ್ಲ. ನಾಲ್ಕು ವರ್ಷ ಏನೂ ಇಲ್ಲದೆ, ಕೊನೆಯ ವರ್ಷ ಮೂರು ರಿಪೇರಿ ಎಂದರೆ ಅದು ಇಳಿಜಾರಿಗೆ ಬಿತ್ತು ಎಂದೇ ಅರ್ಥ.

ಎರಡನೇ ಪುಟದಲ್ಲಿ ಅಳತೆಗಳು. ಒಳಗೆ ಹೋಗುವ ಗಾಳಿ ಮತ್ತು ವಾಪಸ್ ಬರುವ ಗಾಳಿಯ ನಡುವೆ ಎಷ್ಟು ಡಿಗ್ರಿ ವ್ಯತ್ಯಾಸ? ಕೂಲಿಂಗ್‌ನಲ್ಲಿ ಸಾಮಾನ್ಯವಾಗಿ 8ರಿಂದ 11 ಡಿಗ್ರಿ ಸೆಲ್ಸಿಯಸ್ ಸಿಗಬೇಕು. ಕಂಪ್ರೆಸರ್ ಎಷ್ಟು ಆಂಪ್ ಎಳೆಯುತ್ತಿದೆ? ಇನ್ಸುಲೇಶನ್ ಅಳೆಯುವ ಮೀಟರ್ ಆದ ಮೆಗ್ಗರ್ ಹಾಕಿದರೆ, ಮೋಟರ್ ಒಳಗಿನ ತಂತಿಸುರುಳಿಯ (ವೈಂಡಿಂಗ್) ಇನ್ಸುಲೇಶನ್ ಎಷ್ಟು ಗಟ್ಟಿ ಎಂದು ತೋರಿಸುತ್ತದೆ? ಮೆಗ್ಗರ್‌ನ ಒಂದೇ ರೀಡಿಂಗ್ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಎರಡು ಮೂರು ಸಲ, ಬೇರೆ ಬೇರೆ ತಿಂಗಳಲ್ಲಿ ತಗೊಂಡು, ಇಳಿಯುತ್ತಿದೆಯಾ ನೋಡಬೇಕು. ಜೊತೆಗೆ ಒಳಗಿನ ಗ್ಯಾಸ್ ಸರಿಯಾಗಿದೆಯಾ ಎಂದು ತಿಳಿಸುವ ಸೂಪರ್‌ಹೀಟ್, ಸಬ್‌ಕೂಲಿಂಗ್ ಎಂಬ ಎರಡು ಅಳತೆ, ಬ್ಲೋವರ್ ಎಷ್ಟು ಗಾಳಿ ಕೊಡುತ್ತಿದೆ ಎಂಬುದು. ಟನ್ನಿಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ನಮ್ಮ ಅಂದಾಜು. ಫಿಲ್ಟರ್ ಕಟ್ಟಿಕೊಂಡು ಬೆಲ್ಟ್ ಸಡಿಲವಾಗಿರುವ ಯುನಿಟ್ ಅನ್ನು ಅಳೆದು ಕೆಟ್ಟುಹೋಗಿದೆ ಎನ್ನುವುದು ಅನ್ಯಾಯ. ಹಾಗಾಗಿ ಮೊದಲು ತೊಳೆದು, ಫಿಲ್ಟರ್ ಬದಲಿಸಿ, ಬೆಲ್ಟ್ ಬಿಗಿ ಮಾಡಿ, ಆಮೇಲೆ ಅಳೆದೆ. ಅಷ್ಟಕ್ಕೇ ಎರಡು ಯುನಿಟ್‌ಗಳು ಮಾರಾಟದವರ ಪಟ್ಟಿಯಿಂದ ಹೊರಬಂದವು.

ಒಂಬತ್ತನೆಯದು ಮಾತ್ರ ತೊಳೆದರೂ ಏಳಲಿಲ್ಲ. ಹೊಸದೇ, 9 ವರ್ಷ. ಆದರೆ ಅಡುಗೆಮನೆಯ ಎಕ್ಸಾಸ್ಟ್ ಪಕ್ಕದಲ್ಲೇ ಕೂತಿತ್ತು. ಶಾಖ ಹೊರಬಿಡುವ ಕಂಡೆನ್ಸರ್ ಕಾಯಿಲ್ ತುಂಬ ಎಣ್ಣೆಜಿಡ್ಡು, ಅದರ ಮೇಲೆ ಧೂಳು. ವರ್ಷಗಟ್ಟಲೆ ಕಂಡಕಂಡ ಕೆಮಿಕಲ್ ಹಾಕಿ ತೊಳೆದು ಅಲ್ಯೂಮಿನಿಯಂ ರೆಕ್ಕೆಗಳು ಪುಡಿಪುಡಿಯಾಗಿದ್ದವು. ಬೆರಳಿಟ್ಟರೆ ಉದುರುತ್ತಿದ್ದವು. ಇದನ್ನು ಬದಲಿಸುವುದು ಎಂದು ಬರೆದೆ. ಜೊತೆಗೆ ಎಕ್ಸಾಸ್ಟ್ ಪೈಪ್ ಎತ್ತರಿಸುವುದು ಎಂದೂ ಬರೆದೆ. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ, ಅಲ್ವಾ?

ಐದನೆಯದರ ಕಥೆ ಬೇರೆ. ಚಳಿ ಶುರುವಾದಾಗ ಹೀಟಿಂಗ್ ಹಾಕಿ ಬರ್ನರ್ ಮುಂದೆ ಕೂತು ನೋಡಿದೆ. ಜ್ವಾಲೆ ನೀಲಿಯಾಗಿ ನೆಟ್ಟಗೆ ಉರಿಯುತ್ತಿತ್ತು. ಬ್ಲೋವರ್ ಓಡತೊಡಗಿದ ಕೂಡಲೇ ಅಲ್ಲಾಡಿತು. ಹೀಗಾದರೆ, ಜ್ವಾಲೆಯ ಶಾಖವನ್ನು ಗಾಳಿಗೆ ದಾಟಿಸುವ ಲೋಹದ ಗೂಡಿನಲ್ಲಿ, ಅಂದರೆ ಹೀಟ್ ಎಕ್ಸ್‌ಚೇಂಜರ್‌ನಲ್ಲಿ, ಬಿರುಕು ಇರಬಹುದು ಎಂದು ಅನುಮಾನಪಡಲೇಬೇಕು. ಕ್ಯಾಮೆರಾ ಬಿಟ್ಟು ನೋಡಿದಾಗ ಬಿರುಕು ಕಂಡೇಬಿಟ್ಟಿತು. ಅದರ ಮೂಲಕ ಕಾರ್ಬನ್ ಮೊನಾಕ್ಸೈಡ್ ಜನ ಕೂತಿರುವ ಜಾಗಕ್ಕೇ ಹೋಗಬಹುದು. ವಾಸನೆಯಿಲ್ಲ, ಬಣ್ಣವಿಲ್ಲ. ಇಲ್ಲಿ ಲೆಕ್ಕಾಚಾರ ಇಲ್ಲ. ಅವತ್ತೇ ಗ್ಯಾಸ್ ವಾಲ್ವ್ ಮುಚ್ಚಿ ಟ್ಯಾಗ್ ಕಟ್ಟಿದೆ. ಹೊಸ ಹೀಟ್ ಎಕ್ಸ್‌ಚೇಂಜರ್ ಹಾಕಿಸಬಹುದಿತ್ತು. ಆದರೆ ಕೂಲಿಯೂ ಸೇರಿ ಹೊಸ ಯುನಿಟ್ ಬೆಲೆಯ ಅರ್ಧದ ಹತ್ತಿರ ಬರುತ್ತಿತ್ತು, ಯುನಿಟ್‌ಗೆ 16 ವರ್ಷ. ಅರ್ಧ ದಾಟಿದರೆ ಬದಲಿಸು ಎನ್ನುವುದು ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ ಲೆಕ್ಕ. ನಾನು ವಯಸ್ಸನ್ನೂ ಸೇರಿಸಿ ನೋಡುತ್ತೇನೆ. 5 ವರ್ಷದ ಯುನಿಟ್‌ಗೆ ಅರ್ಧ ಬೆಲೆ ಕೊಟ್ಟು ಕಂಪ್ರೆಸರ್ ಹಾಕಿದ್ದೂ ಉಂಟು. 15 ವರ್ಷದ್ದಕ್ಕೆ ಕಾಲು ಭಾಗ ಕೊಡಲೂ ಹಿಂದೆಮುಂದೆ ನೋಡಿದ್ದುಂಟು.

ಗ್ಯಾಸ್ ಎಂದೆನಲ್ಲ, ನಮ್ಮ ಕೆಲಸದಲ್ಲಿ ಉರಿಯುವುದೂ ಗ್ಯಾಸೇ, ತಣ್ಣಗೆ ಮಾಡುವುದೂ ಗ್ಯಾಸೇ. ತಣ್ಣಗೆ ಮಾಡುವ ಗ್ಯಾಸ್ ಈಗ ತೀರ್ಮಾನವನ್ನೇ ತಿರುಗಿಸುತ್ತದೆ. ನನ್ನ ಹಳೆಯ ನಾಲ್ಕು ಯುನಿಟ್‌ಗಳಲ್ಲಿ ಇದ್ದದ್ದು ಆರ್-22 ಎಂಬ ಹಳೆಯ ಗ್ಯಾಸ್. ಓಜೋನ್ ಪದರ ಉಳಿಸಲು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಕೆಳಗೆ ಅದನ್ನು ನಿಲ್ಲಿಸುತ್ತಾ ಬರಲಾಗಿದೆ. ಮುಂದುವರಿದ ದೇಶಗಳಿಗೆ 2020, ಉಳಿದವಕ್ಕೆ 2030 ಗಡುವು, ಸರ್ವೀಸ್‌ಗೆಂದು ಬಿಟ್ಟ ಚೂರುಪಾರು ಬೇರೆ. ಅಂದರೆ ಲೀಕ್ ಇರುವ ಆರ್-22 ಯುನಿಟ್‌ಗೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ, ಅದೂ ವರ್ಷವರ್ಷ ತುಟ್ಟಿಯಾಗುವ ನೀರು. ಅದರ ಜಾಗಕ್ಕೆ ಆರ್-410ಎ ಹಾಕಿಬಿಡಿ ಎನ್ನುವವರು ಸಿಗುತ್ತಾರೆ. ಕೇಳಬೇಡಿ. ಅದರ ಒತ್ತಡ ಸುಮಾರು 60% ಜಾಸ್ತಿ, ಎಣ್ಣೆಯೂ ಬೇರೆ. ಈಗ ಆ 410ಎ ಕೂಡ ಹಿಂದೆ ಸರಿಯುತ್ತಿದೆ. ಕಾರ್ಬನ್ ಡೈಆಕ್ಸೈಡ್ ಅನ್ನು 1 ಎಂದಿಟ್ಟರೆ, ಭೂಮಿ ಬಿಸಿಯಾಗಿಸುವ ಅದರ ಅಂಕಿ 2088. ಅದರ ಬದಲು ಬರುತ್ತಿರುವ ಆರ್-32ರದು 675, ಆರ್-454ಬಿಯದು 466. ಈ ಎರಡಕ್ಕೂ ಸ್ವಲ್ಪ ಉರಿಯುವ ಗುಣ ಇದೆ. ಹಾಗಾಗಿ ಅವಕ್ಕೆಂದೇ ಮಾಡಿದ ಯುನಿಟ್ ಬೇಕು, ಹಳೆಯದಕ್ಕೆ ತುಂಬುವಂತಿಲ್ಲ.

ಹನ್ನೊಂದನೆಯದರಲ್ಲಿ ಏನೂ ಕೆಟ್ಟಿರಲಿಲ್ಲ. ಆದರೂ ಕೆಳಗಿನವರ ದೂರು ನಿಂತಿರಲಿಲ್ಲ: "ತಣ್ಣಗಿದೆ, ಆದರೆ ಏನೋ ಜಿಗಿಜಿಗಿ." ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆ ಎಂದು ದಾಖಲಿಸುವ ಲಾಗರ್ ಇಟ್ಟೆ. 4 ನಿಮಿಷ ಓಡುತ್ತದೆ, 6 ನಿಮಿಷ ನಿಲ್ಲುತ್ತದೆ. ದಿನವಿಡೀ ಹೀಗೇ. ಕಾಯಿಲ್ ಮೇಲೆ ನೀರು ಕೂಡಿ ಹೊರಗೆ ಹರಿಯುವಷ್ಟರಲ್ಲಿ ಕಂಪ್ರೆಸರ್ ನಿಂತುಬಿಡುತ್ತದೆ, ಬ್ಲೋವರ್ ಮಾತ್ರ ಓಡುತ್ತಿದ್ದು ಆ ತೇವವನ್ನು ಮತ್ತೆ ಒಳಗೇ ಊದುತ್ತದೆ. ಕಾರಣ ಕೆಳಗಿತ್ತು. ಅಂಗಡಿಯವರು ಹ್ಯಾಲೊಜೆನ್ ದೀಪಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿಸಿದ್ದರು. ದೀಪದ ಶಾಖವೇ ಹೋದ ಮೇಲೆ 10 ಟನ್ ಯಾಕೆ? ಒಳಗಿನಿಂದ ಎಷ್ಟು ಶಾಖ ಹೊರಹಾಕಬೇಕು ಎಂಬ ಲೆಕ್ಕ (ಲೋಡ್ ಲೆಕ್ಕ) ಹೊಸದಾಗಿ ಹಾಕಿದಾಗ ಏಳೂವರೆ ಟನ್ ಸಾಕು ಎಂದು ಬಂತು. ಇಲ್ಲಿ ಯಜಮಾನರು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. "ದುಡ್ಡು ಕೊಟ್ಟು ಚಿಕ್ಕದು ತಗೋಬೇಕಾ?" ಎಂದರು. ಲಾಗರ್ ಗ್ರಾಫ್ ತೋರಿಸಿದೆ, ಗರಗಸದ ಹಲ್ಲಿನಂತೆ ಇತ್ತು. ಆಮೇಲೆ ಮಾತಾಡಲಿಲ್ಲ.

ಹೊಸದನ್ನು ಆರಿಸುವಾಗ ಮಾರಾಟದವರು ಇಇಆರ್ ತೋರಿಸಿದರು. ನಾನು ಐಇಇಆರ್ ಕೇಳಿದೆ. ಎರಡೂ ಕರೆಂಟ್ ಉಳಿತಾಯದ ಅಂಕಿಗಳೇ. ಇಇಆರ್ ಎಂದರೆ ಪೂರ್ತಿ ಲೋಡ್‌ನಲ್ಲಿ ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದು; ಐಇಇಆರ್ ಬೇರೆ ಬೇರೆ ಲೋಡ್‌ಗಳನ್ನು ಸೇರಿಸಿ ಹಾಕಿದ ಸರಾಸರಿ. ಆದರೆ ಯುನಿಟ್ ಪೂರ್ತಿ ಲೋಡ್‌ನಲ್ಲಿ ಓಡುವುದು ವರ್ಷದಲ್ಲಿ ಎಷ್ಟು ಗಂಟೆ? ಐಇಇಆರ್ ಲೆಕ್ಕದಲ್ಲಿ ಪೂರ್ತಿ ಲೋಡ್‌ಗೆ ಸಿಗುವ ಪಾಲು 2% ಮಾತ್ರ. 75% ಲೋಡ್‌ಗೆ 61.7%. ಕರೆಂಟ್ ಬಿಲ್ ಇಳಿಯುವುದು ಅಲ್ಲಿ.

ಮಧ್ಯವಯಸ್ಸಿನ ಎರಡು ಯುನಿಟ್‌ಗಳಿಗೆ, ಎರಡನೆಯದು ಮತ್ತು ನಾಲ್ಕನೆಯದು, ಹೊಸದು ಬೇಡ ಎಂದೆ. ಕಂಪ್ರೆಸರ್, ಕಾಯಿಲ್ ಎರಡೂ ಚೆನ್ನಾಗಿದ್ದವು. ಬ್ಲೋವರ್ ಮೋಟರ್‌ಗೆ ವೇಗ ಏರಿಳಿಸುವ ವಿಎಫ್‌ಡಿ ಹಾಕಿಸಿದೆ. ಫ್ಯಾನ್ ವೇಗ 80%ಗೆ ಇಳಿಸಿದರೆ ತಗೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ಅರ್ಧ. ಕಂಪ್ರೆಸರ್ ನಿಂತಾಗ, ಬರೀ ಗಾಳಿ ಆಡಿಸುವಾಗ, ಪೂರ್ತಿ ವೇಗ ಯಾಕೆ ಬೇಕು? ಹೊರಗಿನ ತಣ್ಣನೆ ಗಾಳಿ ಎಳೆದುಕೊಳ್ಳುವ ಇಕನಾಮೈಸರ್ ಡ್ಯಾಂಪರ್ ಎರಡರಲ್ಲೂ ತುಕ್ಕು ಹಿಡಿದು ನಿಂತಿತ್ತು, ಒಂದು ಅರ್ಧ ತೆರೆದು, ಇನ್ನೊಂದು ಪೂರ್ತಿ ಮುಚ್ಚಿ. ಎಷ್ಟು ವರ್ಷದಿಂದಲೋ. ಯಾರೂ ದೂರು ಕೊಡುವುದಿಲ್ಲ, ಬಿಲ್ ಮಾತ್ರ ಬರುತ್ತಿರುತ್ತದೆ. ಅವನ್ನೂ ಸರಿ ಮಾಡಿಸಿದೆ.

ಆಮೇಲೆ ಪ್ರತಿ ಯುನಿಟ್‌ನ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದೆ: ಇನ್ನು ಏನಾದರೆ ರಿಪೇರಿ ಇಲ್ಲ. ಯಂತ್ರ ಓಡುತ್ತಿರುವಾಗ, ಯಾರೂ ಬೆವರದೆ ಇರುವಾಗ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದೆ. ಫೋನ್ ಬಂದ ದಿನ ಯೋಚಿಸಿದರೆ ಏಳನೆಯದರಂತೆಯೇ ಆಗುತ್ತದೆ. ಪಕ್ಕದಲ್ಲೇ ಕರ್ಬ್‌ನ ಉದ್ದಗಲ, ಡಕ್ಟ್ ಬಾಯಿಯ ಅಳತೆ, ಬ್ರೇಕರ್ ಎಷ್ಟು ಆಂಪ್‌ನದು, ತೂಕ ಎಷ್ಟಿದ್ದರೆ ತಾರಸಿ ತಡೆಯುತ್ತದೆ ಎಂಬುದು. ತಾರಸಿಗೆ ಹೊಸ ವಾಟರ್‌ಪ್ರೂಫಿಂಗ್ ಮಾಡಿಸುವ ಮಾತು ಇತ್ತು. ಅದರ ಮೊದಲೇ 5, 9, 11 ಮೂರನ್ನೂ ಒಂದೇ ದಿನ, ಒಂದೇ ಕ್ರೇನ್‌ನಲ್ಲಿ ಬದಲಿಸಿದೆವು. ಚಳಿ ಮುಗಿದು ಸೆಕೆ ಶುರುವಾಗದ ಆ ಎರಡು ವಾರ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು.

18 ವರ್ಷದ್ದು ಎಂದೆನಲ್ಲ, ಅದು ಮೂರನೆಯದು. ಆರ್-22, ಲೀಕ್ ಇಲ್ಲ, 5 ವರ್ಷದಲ್ಲಿ ಹೋದದ್ದು ಎರಡು ಸಣ್ಣ ಬಿಡಿಭಾಗ: ಒಂದು ಕಾಂಟ್ಯಾಕ್ಟರ್, ಒಂದು ಕೆಪ್ಯಾಸಿಟರ್. ಅದರ ಕೆಳಗೆ ಬರೆದದ್ದು: "ಕಂಪ್ರೆಸರ್ ಅಥವಾ ಕಾಯಿಲ್ ಹೋದರೆ ಮುಟ್ಟಬೇಡ." ಈಗ ಅದಕ್ಕೆ 20 ತುಂಬಿದೆ. ಹೊಸದರ ಮಾಡೆಲ್ ನಂಬರ್ ಆ ಪುಟದಲ್ಲೇ ಬರೆದಿಟ್ಟಿದ್ದೇನೆ. ಎರಡು ವರ್ಷದಲ್ಲಿ ಆ ಮಾಡೆಲ್ ಒಮ್ಮೆ ಬದಲಾಯಿತು, ಹೊಡೆದುಹಾಕಿ ಮತ್ತೆ ಬರೆದೆ. ಯುನಿಟ್ ಮಾತ್ರ ಓಡುತ್ತಲೇ ಇದೆ.