ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಯ ಬಣ್ಣ ಕಾಣಬೇಕೇ? ಬೆಳಿಗ್ಗೆ ಹೋಗಬೇಡಿ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಪಾರ್ಕಿನಲ್ಲಿ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಣ್ಣಬಣ್ಣದ ಬಿಸಿನೀರಿನ ಬುಗ್ಗೆ ನೋಡಿ ಬಂದವರ ಮೊಬೈಲಿನಲ್ಲಿ ಈ ಫೋಟೊ ಇದ್ದೇ ಇರುತ್ತದೆ. ಊರಿಂದ ಬಂದ ಅಪ್ಪ-ಅಮ್ಮ ಸ್ವೆಟರ್ ಹಾಕಿಕೊಂಡು ನಿಂತಿದ್ದಾರೆ, ಹಿಂದೆ ಬರೀ ಬಿಳಿ ಹಬೆ. ಅಷ್ಟು ದೂರ ಬಂದ ಹಿರಿಯರಿಗೆ ಬಣ್ಣವೇ ಕಾಣಲಿಲ್ಲವಲ್ಲ ಎಂದು ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ. ತಪ್ಪು ಆಗುವುದು ಹೊತ್ತಿನಲ್ಲಿ.

ಮೊದಲು ತಿಂಗಳು. ಜುಲೈ, ಆಗಸ್ಟ್ ಒಳ್ಳೆಯದು. ನವೆಂಬರಿನಿಂದ ಏಪ್ರಿಲ್ ಮಧ್ಯದವರೆಗೆ ಹೆಚ್ಚಿನ ರಸ್ತೆಗಳಲ್ಲಿ ಕಾರು ಬಿಡುವುದಿಲ್ಲ. ಪಾರ್ಕಿನ ಆ್ಯಪನ್ನು ಹೋಟೆಲಿನಲ್ಲೇ ಇಳಿಸಿಕೊಳ್ಳಿ, ಒಳಗೆ ಸಿಗ್ನಲ್ ಸಿಗುವುದು ಕಷ್ಟ. ಬುತ್ತಿ ಕಟ್ಟಿಕೊಂಡು ಹೋಗಿ.

ಬೆಳಗಿನ ಹೊತ್ತನ್ನು ಓಲ್ಡ್ ಫೇತ್‌ಫುಲ್ ಗೀಸರ್‌ಗೆ, ಅಂದರೆ ಆಗಾಗ ಬಿಸಿನೀರು ಮೇಲಕ್ಕೆ ಚಿಮ್ಮುವ ಬುಗ್ಗೆಗೆ ಕೊಡಿ. ಹಿಂದಿನ ಸಲ ಎರಡೂವರೆ ನಿಮಿಷಕ್ಕಿಂತ ಕಡಿಮೆ ಚಿಮ್ಮಿದ್ದರೆ ಮುಂದಿನದಕ್ಕೆ ಸುಮಾರು ಒಂದು ಗಂಟೆ, ಜಾಸ್ತಿ ಚಿಮ್ಮಿದ್ದರೆ ಒಂದೂವರೆ ಗಂಟೆ. ಸಮಯವನ್ನು ಅಲ್ಲೇ ಬೋರ್ಡಿನಲ್ಲಿ ಹಾಕಿರುತ್ತಾರೆ. ಹತ್ತು ನಿಮಿಷ ಆಚೀಚೆ ಆಗಬಹುದು, ಎದ್ದು ಹೋಗಬೇಡಿ.

ಈಗ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್. ಚಳಿಗಾಲದ ಬೆಳಿಗ್ಗೆ ಬಚ್ಚಲಿನ ಹಂಡೆಯ ಮುಚ್ಚಳ ತೆಗೆದರೆ ಎದುರಿನ ಗೋಡೆಯೂ ಕಾಣುವುದಿಲ್ಲ, ಅಲ್ವಾ? ಇಲ್ಲಿ ಆಗುವುದೂ ಅದೇ. ಈ ಬುಗ್ಗೆ ಸುಮಾರು 370 ಅಡಿ ಅಗಲ. ಬೇಸಿಗೆಯಲ್ಲೂ ಬೆಳಗಿನ ಗಾಳಿ ಕೊರೆಯುತ್ತಿರುತ್ತದೆ, ಬಿಸಿನೀರಿನ ಮೇಲೆ ಹಬೆ ದಟ್ಟವಾಗಿ ಕೂತುಬಿಡುತ್ತದೆ. ಗಾಳಿ ಬೆಚ್ಚಗಾದಂತೆ ಹಬೆ ತೆಳುವಾಗುತ್ತದೆ. ಬಿಸಿಲು ನೆತ್ತಿಯ ಹತ್ತಿರ ಬಂದಾಗ ಬಣ್ಣ ಎದ್ದು ಕಾಣುತ್ತದೆ. ಹಾಗಾಗಿ ಹನ್ನೊಂದರಿಂದ ಎರಡರ ನಡುವೆ, ಮೋಡ ಇಲ್ಲದ ದಿನ ಹೋಗಿ. ಮೋಡ ಇದ್ದರೆ ಮರುದಿನಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ತಪ್ಪು, ಬುಗ್ಗೆಯ ಪಕ್ಕದ ಮರದ ಹಾದಿಯಲ್ಲಷ್ಟೇ ನಡೆದು ವಾಪಸ್ ಬರುವುದು. ನೆಲದ ಮಟ್ಟದಿಂದ ಅಂಚು ಮಾತ್ರ ಕಾಣುತ್ತದೆ. ಮೊದಲು ದಕ್ಷಿಣಕ್ಕೆ ಒಂದೂವರೆ ಕಿಲೋಮೀಟರ್ ದೂರದ ಫೇರಿ ಫಾಲ್ಸ್ ಪಾರ್ಕಿಂಗಿಗೆ ಹೋಗಿ. ಅಲ್ಲಿಂದ ಬುಗ್ಗೆಯನ್ನು ಮೇಲಿನಿಂದ ನೋಡುವ ಜಾಗಕ್ಕೆ ಸುಮಾರು ಒಂದು ಕಿಲೋಮೀಟರ್ ನಡಿಗೆ, ನೂರು ಅಡಿಯಷ್ಟು ಏರು. ಮಂಡಿ ನೋವಿದ್ದವರೂ ಕೂತು ಕೂತು ಹತ್ತಬಹುದು. ಮೇಲೆ ನಿಂತರೆ ನಡುವೆ ಕಡು ನೀಲಿ, ಸುತ್ತ ಹಸಿರು, ಹಳದಿ, ಆಮೇಲೆ ಕಿತ್ತಳೆ, ಕಂದು. ನಡುವಿನ ನೀರು ತೀರಾ ಬಿಸಿ, ಅಲ್ಲಿ ಬಣ್ಣದ ಜೀವಾಣುಗಳು ಬದುಕುವುದಿಲ್ಲ. ಹೊರಗೆ ಹರಿದು ಆರಿದಂತೆ ಒಂದೊಂದು ಬಿಸಿಗೆ ಒಂದೊಂದು ಜಾತಿ ಪದರ ಕಟ್ಟುತ್ತದೆ. ಇದೇ ಪಾರ್ಕಿನ ಇನ್ನೊಂದು ಬುಗ್ಗೆಯಲ್ಲಿ 1960ರ ದಶಕದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವದಿಂದಲೇ ಪಿಸಿಆರ್ ಪರೀಕ್ಷೆ ಸುಲಭವಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಇದನ್ನೊಮ್ಮೆ ನೆನೆಯಬೇಕು.

ಮೊಬೈಲಿಗೆ ಸಿಕ್ಕಿಸುವ ಅಗ್ಗದ ಬಣ್ಣದ ಫಿಲ್ಟರ್ ಕೊಳ್ಳಬೇಡಿ, ಇರುವ ಬಣ್ಣವನ್ನೂ ಅದು ಕೆಡಿಸುತ್ತದೆ. ನೀರಿನ ಹೊಳಪು ಕಡಿಮೆ ಮಾಡುವ ಒಳ್ಳೆಯ ಪೋಲರೈಸ್ಡ್ ತಂಪುಕನ್ನಡಕ ಸಾಕು.

ಆಮೇಲೆ ಕೆಳಗಿನ ಮರದ ಹಾದಿ. ಮಕ್ಕಳ ಕೈ ಬಿಡಬೇಡಿ. ಪಕ್ಕದ ನೆಲ ಗಟ್ಟಿಯಾಗಿ ಕಾಣುತ್ತದೆ, ಆದರೆ ತೆಳು ಪದರದ ಕೆಳಗೆ ಸುಡುವ ನೀರಿರುತ್ತದೆ. ಈ ಪಾರ್ಕಿನಲ್ಲಿ ಹೀಗೆ ಸುಟ್ಟು 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಟೋಪಿ ಹಾರಿ ಹೋದರೆ ಹೋಗಲಿ, ಒಂದು ಹೆಜ್ಜೆಯೂ ಇಳಿಯಬೇಡಿ. ನಾಣ್ಯ ಎಸೆದು ಕೈಮುಗಿಯುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಇದೇ ಪಾರ್ಕಿನ ಮಾರ್ನಿಂಗ್ ಗ್ಲೋರಿ ಬುಗ್ಗೆಗೆ ಜನ ಎಸೆದ ನಾಣ್ಯ, ಕಸದಿಂದ ಬಿಸಿನೀರು ಬರುವ ಬಾಯಿ ಕಟ್ಟಿತು. ನೀರು ಆರಿತು, ನೀಲಿಯಾಗಿದ್ದ ಅಂಚು ಹಳದಿಗೆ ತಿರುಗಿತು.

ಹಬೆಯ ಹನಿ ಕನ್ನಡಕಕ್ಕೆ, ಕ್ಯಾಮೆರಾಕ್ಕೆ ಬಿದ್ದರೆ ಅಲ್ಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಅದರಲ್ಲಿ ಖನಿಜ ಇರುತ್ತದೆ. ನಮ್ಮ ಅತ್ತೆ ಕಾರಿಗೆ ಬಂದ ಮೇಲೆ ಒರೆಸಿದರಾಯ್ತು ಅಂದರು. ಅಷ್ಟರಲ್ಲಿ ಗಾಜಿನ ಮೇಲೆ ಬಿಳಿ ಚುಕ್ಕಿಗಳು ಒಣಗಿ ಕೂತಿದ್ದವು, ಎಷ್ಟು ಉಜ್ಜಿದರೂ ಹೋಗಲಿಲ್ಲ.