ರಾತ್ರಿಯಿಡೀ ಹಾಡುವ ಕಥೆಗೆ ಎರಡು ಗಂಟೆ

ಜನಪದ ಗಾಯಕನೊಬ್ಬನ ಕಷ್ಟದ ಮೇಲೆ ಸಿನಿಮಾ ಮಾಡುತ್ತಿದ್ದೇನೆ ಎಂದರೆ ಸಾಕು, ಕೇಳಿದವರು ಉಳಿದ ಕಥೆಯನ್ನು ತಾವೇ ಹೇಳಿಬಿಡುತ್ತಾರೆ. ಸೋರುವ ಮನೆ, ಕುಡಿತ, ಅಪ್ಪನ ವೇಷ ಕಂಡರೆ ನಾಚುವ ಮಗ, ಕೊನೆಗೊಂದು ಪ್ರಶಸ್ತಿ ಇಲ್ಲವೇ ಸಾವು. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇವೆಲ್ಲ ಯಾವ ಬಡವನ ಮನೆಯಲ್ಲಿ ಬೇಕಾದರೂ ನಡೆಯುವಂಥವು. ನಾಯಕನ ಕೈಯಿಂದ ತಂಬೂರಿ ತೆಗೆದು ನೇಗಿಲು ಕೊಟ್ಟರೂ ಚಿತ್ರಕಥೆ ಹಾಗೇ ನಿಲ್ಲುತ್ತದೆ. ಹಾಡುಗಾರನಿಗೆ ಮಾತ್ರ ಬರುವ ಕಷ್ಟ ಯಾವುದು ಎಂದು ಹುಡುಕುವುದರಲ್ಲೇ ನನ್ನ ಬರವಣಿಗೆಯ ಬಹುಕಾಲ ಹೋಯಿತು.

ನಾನು ಆರಿಸಿಕೊಂಡಿದ್ದು ಜನಪದ ಸಂತ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು. ಮಳವಳ್ಳಿ, ಮದ್ದೂರು, ಕೊಳ್ಳೇಗಾಲ, ಚಾಮರಾಜನಗರದ ಕಡೆಯವರಿಗೆ ಇವರ ಪರಿಚಯ ಮಾಡಿಕೊಡಬೇಕಿಲ್ಲ. ಬೇರೆ ಸೀಮೆಯವರಿಗಾಗಿ ಇಷ್ಟು ಹೇಳುತ್ತೇನೆ. ಇವರು ದೀಕ್ಷೆ ಪಡೆದ ಹಾಡುಗಾರರು. ಮುಖ್ಯ ಗಾಯಕನ ಹೆಗಲಿಗೆ ತಂಬೂರಿ, ಕೈಯಲ್ಲಿ ಝಣಗುಟ್ಟುವ ಗಗ್ಗರ. ಹಿಂದೆ ಡಕ್ಕೆ ಎಂಬ ಚರ್ಮವಾದ್ಯ, ತಾಳ ಹಿಡಿದ ಹಿಮ್ಮೇಳ. ಕಥೆ ಸಾಲು ಸಾಲಾಗಿ ಇರುತ್ತದೆ, ಸಾಲು ಎಂದರೆ ಒಂದು ಪ್ರಸಂಗ. ಮಂಟೇಸ್ವಾಮಿ ಕಲ್ಯಾಣಕ್ಕೆ ಬಂದು ಬಸವಣ್ಣನ ಶರಣರನ್ನು ಪರೀಕ್ಷಿಸುವುದೇ ಒಂದು ಸಾಲು, ಕೆಂಪಾಚಾರಿ ಅವನ ಶಿಷ್ಯ ಸಿದ್ದಪ್ಪಾಜಿಯಾಗುವುದು ಇನ್ನೊಂದು. ಹರಕೆ ಹೊತ್ತವರ ಮನೆಯಲ್ಲಿ, ಸಾವಾದ ಮನೆಯಲ್ಲಿ ‘ಕಥೆ ಮಾಡಿಸುತ್ತಾರೆ’. ಉಂಡಾದ ಮೇಲೆ ಕೂತರೆ ಬೆಳಗಾಗುವವರೆಗೂ ನಡೆಯುತ್ತದೆ. ಒಂದು ರಾತ್ರಿಯಲ್ಲಿ ಇಡೀ ಕಾವ್ಯ ಮುಗಿಯುವುದಿಲ್ಲ.

ನನಗೆ ಚಿತ್ರ ಸಿಕ್ಕಿದ್ದು ಒಬ್ಬ ಹಿರಿಯ ಗಾಯಕರು ಹರಟೆಯಲ್ಲಿ ಆಡಿದ ಮಾತಿನಿಂದ. ಯಾವುದೋ ಉತ್ಸವದ ವೇದಿಕೆಗೆ ಅವರನ್ನು ಕರೆದಿದ್ದರಂತೆ, ಸಮಯ ಐದು ನಿಮಿಷ. ‘ರಾತ್ರಿ ಪೂರಾ ಹಾಡೊ ಕತೆನ ಐದು ನಿಮ್ಸಕ್ಕೆ ತಂದ್ರೆ ಯಾರ್ನ ಸಾಯಿಸ್ಲಿ, ಯಾರ್ನ ಉಳುಸ್ಲಿ ಬುದ್ದಿ?’ ಅಂದರು. ಹಣದ ಮಾತು ಅವರ ಬಾಯಲ್ಲಿ ಆಮೇಲೆ ಬಂತು, ಅದೂ ನಾನು ಕೇಳಿದ್ದಕ್ಕೆ.

ಅಲ್ಲಿಂದ ದೃಶ್ಯಗಳ ಪಟ್ಟಿ ಬದಿಗಿಟ್ಟು ಅವಧಿಗಳ ಪಟ್ಟಿ ಬರೆದೆ. ನಾಯಕ ಹುಡುಗನಾಗಿದ್ದಾಗ ಗುರುವಿನ ಹಿಂದೆ ಸೊಲ್ಲು, ಅಂದರೆ ಪಲ್ಲವಿ, ಹಿಡಿಯುವ ಕಾಲಕ್ಕೆ ಹಾಡಿನ ಅಳತೆ ಒಂದು ರಾತ್ರಿ. ಪ್ರಾಯಕ್ಕೆ ಬರುವ ಹೊತ್ತಿಗೆ ಕ್ಯಾಸೆಟ್ ಬರುತ್ತದೆ. ಸಿ-60 ಎಂದರೆ ಒಂದೊಂದು ಮಗ್ಗುಲಿಗೆ 30 ನಿಮಿಷ, ಟೇಪು ತಿರುಗಿಸುವ ಜಾಗದಲ್ಲಿ ಕಥೆಗೊಂದು ನಿಲುಗಡೆ ಹುಟ್ಟಿಸಬೇಕು. ನಡುವಯಸ್ಸಿಗೆ ಸರ್ಕಾರಿ ವೇದಿಕೆಯ ಹತ್ತು ನಿಮಿಷ. ಈಗ ಮೊಮ್ಮಗನ ಮೊಬೈಲಿನ ರೀಲ್ಸ್‌ಗೆ ಅರ್ಧ ನಿಮಿಷ. ನಾಲ್ಕು ಭಾಗ, ನಾಲ್ಕು ಅಳತೆ. ಪ್ರತಿ ಸಲವೂ ಅವನ ಹೆಸರು ಇನ್ನಷ್ಟು ದೂರ ಹೋಗುತ್ತದೆ, ಹಾಡು ಇನ್ನಷ್ಟು ಗಿಡ್ಡವಾಗುತ್ತದೆ. ಈ ಎರಡನೆಯ ಅರ್ಧ ನನಗೆ ಮುಖ್ಯವಾಗಿತ್ತು. ಖ್ಯಾತಿಯೇ ಬರದ ಕಲಾವಿದನ ಚಿತ್ರಗಳು ಬೇಕಾದಷ್ಟಿವೆ, ಖ್ಯಾತಿ ಬರುತ್ತಿದ್ದಂತೆ ಕಸುಬು ಕರಗಿಹೋಗುವವನದು ಬೇರೆ ಸಂಕಟ.

ನಿರ್ಮಾಪಕರಿಗೆ ಕಂಸಾಳೆ ಬೇಕಿತ್ತು. ಬೀಸು ಕಂಸಾಳೆ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಪೋಸ್ಟರಿಗೂ ಆಗುತ್ತದೆ, ನಿಜ. ಆದರೆ ಅದು ಮಲೆ ಮಾದಪ್ಪನ ದೇವರಗುಡ್ಡರದು. ಸಿದ್ದಪ್ಪಾಜಿ ಕಥೆ ಹಾಡುವವನ ಕೈಗೆ ಅದನ್ನು ಕೊಟ್ಟರೆ ಕೊಳ್ಳೇಗಾಲದ ಥಿಯೇಟರಿನಲ್ಲಿ ಮೊದಲ ಆಟಕ್ಕೇ ನಗುತ್ತಾರೆ. ಎರಡೂ ಒಂದೇ ಸೀಮೆಯ ಪರಂಪರೆಗಳು, ಆದರೆ ಒಂದೇ ಅಲ್ಲ ಎಂದು ಒಪ್ಪಿಸಲು ಕೊನೆಗೆ ನಿರ್ಮಾಪಕರನ್ನೇ ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿಗೆ ಕರೆದುಕೊಂಡು ಹೋಗಬೇಕಾಯಿತು.

ನಾಯಕನ ಪಾತ್ರಕ್ಕೆ ರಂಗಭೂಮಿಯ ಒಳ್ಳೆಯ ನಟರಿದ್ದರು. ತಂಬೂರಿ ಹಿಡಿಯುವುದನ್ನು ಕಲಿಸಬಹುದಿತ್ತು, ಬೆರಳು ಮೀಟುವುದನ್ನೂ ಕಲಿಸಬಹುದು. ಎಡವುವುದು ಎಲ್ಲಿ ಎಂದರೆ ಹಾಡು ನಿಲ್ಲಿಸಿ ಮಾತಿಗಿಳಿಯುವಾಗ. ನೀಲಗಾರ ನಡುನಡುವೆ ಕಥೆಯನ್ನು ಗದ್ಯದಲ್ಲಿ ಹೇಳುತ್ತಾನೆ, ಎದುರು ಕೂತವರನ್ನು ಕೆಣಕುತ್ತಾನೆ, ನಿದ್ದೆ ತೂಗುವವನನ್ನು ಕಥೆಯೊಳಕ್ಕೆ ಎಳೆದುಕೊಂಡು ಮತ್ತೆ ಶ್ರುತಿ ಹಿಡಿಯುತ್ತಾನೆ. ಅದು ಅಭ್ಯಾಸದಿಂದ ಬರುವ ಅಭಿನಯವಲ್ಲ, ಎಷ್ಟೋ ರಾತ್ರಿಗಳ ನಿದ್ದೆಗೇಡಿನಿಂದ ಬಂದದ್ದು. ದೀಕ್ಷೆಯಿಲ್ಲದವನು ಆ ವೇಷ ತೊಟ್ಟು, ಈ ಪರಂಪರೆಯ ಪೂಜಾ ಲಾಂಛನವಾದ ಕಂಡಾಯದ ಮುಂದೆ ಹಾಡುವುದರ ಬಗ್ಗೆ ಸಮುದಾಯದ ಹಿರಿಯರಿಗೂ ಇರುಸುಮುರುಸಿತ್ತು. ಹಾಗಾಗಿ ಹಾಡುಗಾರರನ್ನೇ ಹಾಕಿಕೊಂಡೆ, ಸುತ್ತಲಿನ ಪಾತ್ರಗಳಿಗೆ ನಟರು.

ಅವರ ಕೈಗೆ ಸಂಭಾಷಣೆಯ ಹಾಳೆ ಕೊಡಲಿಲ್ಲ. ಸಂದರ್ಭವನ್ನು ಕಥೆಯ ಹಾಗೆ ಹೇಳುತ್ತಿದ್ದೆ: ‘ಮಗ ಸೊಸೆ ಊರು ಬಿಡುವ ಮಾತಾಡ್ತಾವ್ರೆ, ನೀವು ಕೇಳಿಸಿಕೊಂಡೂ ಕೇಳಿಸದ ಹಾಗೆ ತಂತಿ ಬಿಗಿ ಮಾಡ್ತಾ ಇದ್ದೀರಿ’. ಉಳಿದದ್ದು ಅವರದು. ಒಂದು ಸಲ ಹೇಳಿದ ಮಾತು ಇನ್ನೊಂದು ಸಲ ಬರುತ್ತಿರಲಿಲ್ಲ. ಆದ್ದರಿಂದ ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿದೆವು, ಶಾಟಿನಿಂದ ಶಾಟಿಗೆ ಹೊಂದಿಕೆ (ಕಂಟಿನ್ಯುಟಿ) ನೋಡಿಕೊಳ್ಳುವ ಹುಡುಗಿ ಬೈದುಕೊಂಡೇ ಕೆಲಸ ಮಾಡಿದಳು. ಎದುರಿಗಿದ್ದ ನಟರಿಗೆ ಬರೆದ ಮಾತು ಇತ್ತು. ಗಾಯಕರು ಆ ಮಾತಿಗೆ ಕಾಯದೆ ಮುಂದೆ ಹೋದಾಗ ನಟರ ಮುಖದಲ್ಲಿ ಕಂಡ ತಬ್ಬಿಬ್ಬು, ಮನೆಯವರು ಮುದುಕನ ಮಾತು ಹಿಡಿಯಲಾರದೆ ಪಡುವ ತಬ್ಬಿಬ್ಬಿಗೆ ಚೆನ್ನಾಗಿ ಹೊಂದಿತು.

ಇನ್ನು ಧ್ವನಿ. ಚಿತ್ರ ನಿಂತದ್ದೇ ಅದರ ಮೇಲೆ. ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಜಾಗದಲ್ಲಿ ತುಟಿ ಆಡಿಸುವ ಪದ್ಧತಿ ಇಲ್ಲಿ ಸಾಧ್ಯವೇ ಇರಲಿಲ್ಲ. ಗಾಯಕರಿಗೆ ತಮ್ಮದೇ ಹಾಡಿಗೆ ತುಟಿ ಕೂಡಿಸಲು ಬಾರದು, ಯಾಕೆ ಬರಬೇಕು? ಎಲ್ಲವನ್ನೂ ಸಿಂಕ್ ಸೌಂಡ್‌ನಲ್ಲೇ, ಅಂದರೆ ಕ್ಯಾಮೆರಾ ಓಡುವಾಗಲೇ, ಹಿಡಿದೆವು, ಹಿಮ್ಮೇಳದ ಒಬ್ಬೊಬ್ಬರಿಗೂ ಬೇರೆ ಟ್ರ್ಯಾಕ್. ಮೊದಲ ತೊಡಕು ಗಗ್ಗರ. ಕಿವಿಗೆ ಹಿತವಾದ ಆ ಝಣಝಣ ಮೈಕಿನಲ್ಲಿ ಮಾತ್ರ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಎದೆಗೆ ಸಿಕ್ಕಿಸಿದ ಲೇಪಲ್ ಮೈಕಿಗೆ ತಂಬೂರಿಯ ಬುರುಡೆ ತಾಗುತ್ತದೆ. ಮೈಕನ್ನು ಪೇಟದ ಅಂಚಿಗೆ ಏರಿಸಿ, ಗಗ್ಗರವಿರುವ ಕೈಯ ಎದುರು ಮಗ್ಗುಲಿನಿಂದ ಕೋಲಿಗೆ ಕಟ್ಟಿದ ಬೂಮ್ ಮೈಕ್ ತಂದ ಮೇಲೆ ಮಾತು ಬಿಡಿಯಾಗಿ ಕೇಳಿಸತೊಡಗಿತು.

ಎರಡನೆಯದು ಶ್ರುತಿ. ಅಲ್ಲಿ ಶ್ರುತಿ ಎಂದರೆ ಆ ಹೊತ್ತಿನ ಗಂಟಲು. ಸಂಜೆ ಹಿಡಿದ ಶ್ರುತಿ ನಡುರಾತ್ರಿಗೆ ಇರುವುದಿಲ್ಲ, ಚಳಿಗೆ ತಂತಿ ಬಿಗಿಯುತ್ತದೆ, ಗಂಟಲು ಕಾದ ಮೇಲೆ ಗಾಯಕ ಇನ್ನೂ ಏರಿಸಿಕೊಳ್ಳುತ್ತಾನೆ. ಲಯವೂ ಹಾಗೇ, ಕಥೆ ಬಿಸಿಯಾದಂತೆ ಓಡುತ್ತದೆ. ಅಂದರೆ ರಾತ್ರಿ ಒಂಬತ್ತಕ್ಕೆ ಹಾಡಿದ ಚರಣಕ್ಕೆ ಎರಡಕ್ಕೆ ಹಾಡಿದ ಚರಣವನ್ನು ಅಂಟಿಸಲು ಬರುವುದಿಲ್ಲ. ಲಯ ತಪ್ಪದಂತೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಹಾಕೋಣ ಎಂದವರಿದ್ದರು. ಹಾಕಿದ್ದರೆ ಸಂಕಲನ ಸಲೀಸಾಗುತ್ತಿತ್ತು, ಹಾಡು ಸತ್ತುಹೋಗುತ್ತಿತ್ತು. ಅದರ ಬದಲು ಒಂದೊಂದು ಸಾಲನ್ನೂ ತಡೆಯಿಲ್ಲದೆ ಹಾಡಲು ಬಿಟ್ಟು, ಪ್ರತಿ ಗಂಟೆಗೊಮ್ಮೆ ಬರಿ ತಂಬೂರಿಯ ನಾದವನ್ನೂ ಬರಿ ರಾತ್ರಿಯ ಸದ್ದನ್ನೂ ಬೇರೆಯಾಗಿ ಹಿಡಿದಿಟ್ಟೆವು. ಈ ಎರಡನೆಯದು ಯಾಕೆಂದರೆ ಜೀರುಂಡೆ. ಹೊತ್ತು ಏರಿದಂತೆ, ತಂಪಾದಂತೆ ಅದರ ಸದ್ದು ಬದಲಾಗುತ್ತದೆ. ಶಾಟು ಕತ್ತರಿಸಿದಲ್ಲಿ ಜೀರುಂಡೆ ಫಕ್ಕನೆ ದನಿ ಬದಲಿಸಿದರೆ ಕಣ್ಣಿಗೆ ಕಾಣದ ಕಟ್ ಕಿವಿಗೆ ಕಾಣುತ್ತದೆ.

ಚಿತ್ರದ ನಡು ದೃಶ್ಯ ಹುಟ್ಟಿದ್ದು ಹಿಮ್ಮೇಳದ ಒಂದು ನಿಯಮದಿಂದ. ಮುಖ್ಯ ಗಾಯಕ ಮುಂದಿನ ಚರಣ ಎತ್ತುವವರೆಗೂ ಹಿಮ್ಮೇಳ ಸೊಲ್ಲನ್ನೇ ಹಾಡುತ್ತಿರಬೇಕು. ಅವನು ಉಸಿರು ತೆಗೆದುಕೊಳ್ಳಲಿ, ನೀರು ಕುಡಿಯಲಿ, ಸೊಲ್ಲು ನಿಲ್ಲುವಂತಿಲ್ಲ. ಸಭಾಂಗಣದ ವೇದಿಕೆಯಲ್ಲಿ ನಾಯಕ ಹಲಗೂರಿನ ಸಾಲು ಎತ್ತುತ್ತಾನೆ, ಸಿದ್ದಪ್ಪಾಜಿ ಲೋಹದ ಕೆಲಸದ ಪಾಂಚಾಳರ ಮನೆಗೆ ಕಬ್ಬಿಣದ ಭಿಕ್ಷಕ್ಕೆ ಹೋದ ಭಾಗ. ಕಥೆ ಬಾಗಿಲಿಗೆ ಬಂದಾಗ ಸಮಯ ಮುಗಿದ ಗಂಟೆ ಬಾರಿಸುತ್ತದೆ. ಅವನು ಹಾಡು ನಿಲ್ಲಿಸುತ್ತಾನೆ, ಆದರೆ ಮುಗಿಸಿದ ಸನ್ನೆ ಕೊಡುವುದಿಲ್ಲ. ಹಿಮ್ಮೇಳ ಸೊಲ್ಲು ಹಾಡುತ್ತಲೇ ಇರುತ್ತದೆ. ನಿರೂಪಕಿ ಧನ್ಯವಾದ ಹೇಳುತ್ತಾಳೆ, ಮೈಕ್ ಆಫ್ ಆಗುತ್ತದೆ, ಮುಂದಿನ ತಂಡದವರು ಗೆಜ್ಜೆ ಕಟ್ಟಿ ಬಂದು ನಿಲ್ಲುತ್ತಾರೆ, ಸೊಲ್ಲು ನಿಲ್ಲದು. ಒಬ್ಬ ಅಧಿಕಾರಿಯನ್ನು ಖಳನಾಯಕ ಮಾಡುವ ಆಸೆ ನನಗಿರಲಿಲ್ಲ. ಗಂಟೆ ಬಾರಿಸುವವನಿಗೂ ಇನ್ನು ಎಂಟು ತಂಡಗಳನ್ನು ಮುಗಿಸುವ ಜವಾಬ್ದಾರಿಯಿದೆ. ಈ ದೃಶ್ಯ 11 ನಿಮಿಷ ಇದೆ, ಒಂದೇ ಶಾಟು. ಮೈಕ್ ಆಫ್ ಆದಾಗ ಧ್ವನಿ ಸ್ಪೀಕರಿನಿಂದ ಗಂಟಲಿಗೆ ಇಳಿಯುವುದನ್ನು ಮಿಕ್ಸಿಂಗ್‌ನಲ್ಲಿ ಸುತ್ತಲಿನ ಚಾನೆಲ್‌ಗಳಿಂದ ನಡು ಚಾನೆಲ್‌ಗೆ ತಂದು ತೋರಿಸಿದ್ದೇವೆ. ಹಿನ್ನೆಲೆ ಸಂಗೀತ ಇಡೀ ಚಿತ್ರದಲ್ಲೇ ಇಲ್ಲ.

ಚಿಕ್ಕಲ್ಲೂರು ಜಾತ್ರೆಯ ಭಾಗವನ್ನು ಜಾತ್ರೆಯಲ್ಲೇ ತೆಗೆದೆವು. ಬನದ ಹುಣ್ಣಿಮೆಯ ರಾತ್ರಿ ಬಿದಿರಿನಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಇಡುತ್ತಾರೆ, ಅದು ಯಾವ ದಿಕ್ಕಿಗೆ ಹೆಚ್ಚು ಉರಿದರೆ ಆ ದಿಕ್ಕಿಗೆ ಮಳೆ ಬೆಳೆ ಚೆನ್ನ ಎಂದು ನಂಬಿಕೆ. ರೀಟೇಕ್ ಎಂಬುದಿಲ್ಲ. ಜಂಗುಳಿಯಲ್ಲಿ ಲೈಟು, ಟ್ರಾಲಿ ಏನೂ ಬೇಡವೆಂದು ಸಣ್ಣ ಕ್ಯಾಮೆರಾ ಹಿಡಿದು ಹೋದೆವು. ಅಲ್ಲಿ ನೀಲಗಾರರ ಗುಂಪು ಒಂದಲ್ಲ, ಹತ್ತಾರು; ನಮ್ಮ ಗಾಯಕರ ದನಿಯ ಮೇಲೆ ಪಕ್ಕದ ಗುಂಪಿನ ದನಿ. ಅದನ್ನು ಹಾಗೇ ಬಿಟ್ಟೆ.

ಹಣದ ವಿಷಯ. ಪರಂಪರೆಯ ಹಾಡಿಗೆ ಮಾಲೀಕರಿಲ್ಲ, ಆದ್ದರಿಂದ ಹಾಡಿದವರಿಗೆ ಒಂದು ದಿನದ ಕೂಲಿ ಕೊಟ್ಟರೆ ಮುಗಿಯಿತು ಎಂಬ ಲೆಕ್ಕ ಚಿತ್ರರಂಗದಲ್ಲಿ ಸಾಮಾನ್ಯ. ಹಾಡಿಗೆ ಮಾಲೀಕರಿಲ್ಲದಿರಬಹುದು, ಹಾಡಿದ ಆ ಪ್ರದರ್ಶನಕ್ಕೆ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಬೇರೆಯಾಗಿಯೇ ಇದೆ. ಅದರ ಅವಧಿ 50 ವರ್ಷ. ಚಿತ್ರಕ್ಕೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೂ ವಾಣಿಜ್ಯ ಬಳಕೆಯ ರಾಯಧನಕ್ಕೆ ಪ್ರದರ್ಶಕರು ಅರ್ಹರು ಎಂಬುದನ್ನು 2012ರ ತಿದ್ದುಪಡಿ ಸೇರಿಸಿದೆ. ನಮ್ಮ ಒಪ್ಪಂದವನ್ನು ಕನ್ನಡದಲ್ಲಿ ಬರೆಸಿ, ಕೂಡಿಸಿ ಓದಿ ಹೇಳಿ, ಹಿಮ್ಮೇಳದವರನ್ನೂ ಒಬ್ಬೊಬ್ಬರಾಗಿ ಪ್ರದರ್ಶಕರೆಂದು ಸೇರಿಸಿದೆವು. ವಕೀಲರಿಗೆ ಇದು ಅತಿ ಎನಿಸಿತು. ತಂಬೂರಿಯವರು ಮಾತ್ರ ಕೇಳಿದ್ದು ಒಂದೇ: ‘ಡಕ್ಕೆಯೋನ್ಗೂ ನಂಗೂ ಒಂದೇ ಸಮ ತಾನೆ?’ ಸಮ ಅಲ್ಲ, ಮುಖ್ಯ ಪಾತ್ರ ನಿಮ್ಮದಲ್ಲವೇ ಎಂದೆ. ಹಾಡಿನ ಪಾಲನ್ನಾದರೂ ಸಮ ಮಾಡಿಸಿಯೇ ಹೆಬ್ಬೆಟ್ಟು ಒತ್ತಿದರು.

ಸಂಕಲನ ಮುಗಿದಾಗ ಚಿತ್ರ ಎರಡು ಗಂಟೆ ನಾಲ್ಕು ನಿಮಿಷಕ್ಕೆ ನಿಂತಿತು. ರಾತ್ರಿಯಿಡೀ ನಡೆಯುವ ಕಥೆಗೆ ನಾನೂ ಅಳತೆ ಹಾಕಿದವನೇ. ಗಾಯಕರಿಗೆ ಪೂರ್ತಿ ತೋರಿಸಿದೆ. ಸಾಯಿಸಿದ್ದು ಯಾರನ್ನು, ಉಳಿಸಿದ್ದು ಯಾರನ್ನು ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸಿ ಎರಡು ಕಡೆ ತಕರಾರು ತೆಗೆದರು. ಒಂದನ್ನು ಸರಿಪಡಿಸಿದೆ. ಇನ್ನೊಂದಕ್ಕೆ ಬೇಕಾದ ಶಾಟೇ ನಮ್ಮಲ್ಲಿರಲಿಲ್ಲ.

ಈಗ ಟ್ರೇಲರಿನ ಗಲಾಟೆ ನಡೆಯುತ್ತಿದೆ. ಫೋನಿಗೆ ಹಾಕಲು 30 ಸೆಕೆಂಡಿನ ತುಣುಕು ಬೇಕಂತೆ. ಯಾವ ಭಾಗ ಹಾಕಬಹುದು ಎಂದು ಗಾಯಕರನ್ನೇ ಕೇಳಿದೆ. ಹಾಡಿದ ಒಂದು ಚರಣವನ್ನೂ ಅವರು ಆರಿಸಲಿಲ್ಲ, ಹಾಡು ಶುರುವಾಗುವ ಮೊದಲು ತಂತಿ ತಿರುವಿ ಶ್ರುತಿ ಮಾಡಿಕೊಳ್ಳುವ ಜಾಗ ತೋರಿಸಿದರು. ನಿರ್ಮಾಪಕರು ಇನ್ನೂ ಒಪ್ಪಿಲ್ಲ, ಚಂದ್ರಮಂಡಲದ ಬೆಂಕಿ ಹಾಕೋಣ ಎನ್ನುತ್ತಿದ್ದಾರೆ. ಮುಂದಿನ ವಾರ ಮತ್ತೆ ಕೂರಬೇಕು.